‘ಲು’ ಇಲ್ಲದ ತೊಟ್ಟಿಲು

ಬಡಗಿ ಇಂಚಪ್ಪನಿಗೆ ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಮದುವೆಯ ದಿನ ಚರ್ಚಿನಲ್ಲಿ ಒಮ್ಮೆ ಕೇಳಿಬಂದಿತ್ತು, ಆಮೇಲೆ ಯಾರಿಗೂ ಬೇಕಾಗಲಿಲ್ಲ. ಕಿವಿಯ ಮೇಲೆ ಪೆನ್ಸಿಲು, ಸೊಂಟದಲ್ಲಿ ಅಳತೆಪಟ್ಟಿ, ಬಾಯಲ್ಲಿ ಸದಾ ಇಂಚಿನ ಲೆಕ್ಕ. ಹೆಂಡತಿ ಟೀ ಕೊಟ್ಟರೆ “ಸಕ್ಕರೆ ಕಾಲಿಂಚು ಕಡಿಮೆ ಆಯ್ತು ಕಣೇ” ಎನ್ನುವನು. ಅಳಿಯ ಆಫೀಸಿನ ಜಂಬ ಕೊಚ್ಚಿಕೊಂಡರೆ “ಅರ್ಧ ಇಂಚು ಕೆಳಗಿಳಿಯಪ್ಪಾ” ಎನ್ನುವನು. ಇಂಥವನಿಗೆ ಬೇರೆ ಯಾವ ಹೆಸರು ತಾನೇ ಅಂಟೀತು?

ಮನೆಯ ಕೆಳಗೆ ಅವನ ಕೆಲಸದ ಶೆಡ್ಡು, ಮೇಲೆ ಸಂಸಾರ, ಅದರ ಮೇಲಿನ ಕೋಣೆಯಲ್ಲಿ ಮಗಳು, ಅಳಿಯ. ಮಗಳು ತುಂಬಿದ ಬಸುರಿ. ಮೆಟ್ಟಿಲಿಳಿದು ಬಂದಾಗಲೆಲ್ಲ ಶೆಡ್ಡಿನ ಬಾಗಿಲಿಗೊರಗಿ ಅವಳದು ಒಂದೇ ರಾಗ. “ಅಪ್ಪಾ, ನನ್ನ ಮಗುಗೆ ತೊಟ್ಟಿಲು ಯಾವಾಗ ಮಾಡ್ತೀಯ? ಬಡಗಿ ಮಗಳಾಗಿ ಅಂಗಡಿಯಿಂದ ತಂದ್ರೆ ನಿನ್ನ ಮಾನ ಹೋಗುತ್ತೆ, ನೋಡ್ಕೋ.” ಇಂಚಪ್ಪನದೂ ಒಂದೇ ಉತ್ತರ. “ಕ್ರಿಸ್ಮಸ್ ಮುಗೀಲಿ ಮಗಳೇ.”

ಕ್ರಿಸ್ಮಸ್ ಮುಗಿಯಲಿ! ಇದು ಅವನು ಪ್ರತಿ ವರ್ಷ ಪಠಿಸುವ ಮಂತ್ರವಾಗಿತ್ತು. ಹಬ್ಬಕ್ಕೆ ಮುಂಚೆ ಅಡುಗೆಮನೆಯ ಕಪಾಟು ಮುಗಿಯಬೇಕು ಎಂದು ಅರ್ಧ ಊರು ಅವನ ತಲೆಯ ಮೇಲೆ ಕೂರುತ್ತಿತ್ತು. ಚರ್ಚಿನ ಬೆಂಚುಗಳ ಕಾಲು ಅಲ್ಲಾಡುವುದು ಜನಕ್ಕೆ ವರ್ಷವಿಡೀ ಕಾಣದೆ ಡಿಸೆಂಬರಿನಲ್ಲಿ ಕಾಣುತ್ತಿತ್ತು. ಇದೆಲ್ಲ ಸಾಲದೆಂಬಂತೆ ಪ್ರತಿಯೊಬ್ಬರೂ ಅವನ ಬೆನ್ನು ತಟ್ಟಿ, “ಏನೇ ಹೇಳಿ ಮೇಸ್ತ್ರಿ, ಯೋಸೇಫನೂ ನಿಮ್ಮ ಕಸುಬಿನವನೇ ಅಲ್ವಾ?” ಎಂದು ಈಗ ತಾನೇ ಹೊಳೆದ ಮಾತಿನಂತೆ ಹೇಳಿ ನಗುತ್ತಿದ್ದರು. ಇಂಚಪ್ಪನೂ ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ, ಇನ್ನೊಬ್ಬ ಹೀಗೆ ಹೇಳಿದರೆ ಉಳಿ ಎಸೆಯುತ್ತೇನೆ ಅಂದುಕೊಳ್ಳುತ್ತಿದ್ದ.

ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ಹರೆಯದಲ್ಲಿ ಅವನೇ ಮರಿಯಳ ಗಂಡ ಯೋಸೇಫ. ಗಡ್ಡ ನರೆತ ಮೇಲೆ ಬಾಲಯೇಸುವನ್ನು ನೋಡಲು ಬರುವ ಮೂವರು ಜ್ಞಾನಿಗಳಲ್ಲಿ ಒಬ್ಬನಾಗಿ ಬಡ್ತಿಯೋ ಹಿಂಬಡ್ತಿಯೋ ಸಿಕ್ಕಿತು. ಈಚೆಗೆ ಮಂಡಿ ನೋವೆಂದು ಅದೂ ಹೋಗಿ, ಪರದೆ ಎಳೆಯುವ ಕೆಲಸ ಉಳಿದಿತ್ತು. ಗಬ್ರಿಯೇಲ ದೂತ ಬಂದು “ಭಯಪಡಬೇಡ” ಎನ್ನುವ ಹೊತ್ತಿಗೆ ಹಗ್ಗ ಹಿಡಿದ ಇಂಚಪ್ಪನಿಗೆ ಆಕಳಿಕೆ ಬಂದಿರುತ್ತಿತ್ತು.

ಹಾಗಿರುವಾಗ ಆ ವರ್ಷ ಬಂದ ಹೊಸ ಪಾದ್ರಿ ಅವನನ್ನು ಸಿಕ್ಕಿಸಿಹಾಕಿದರು. ಕ್ರಿಸ್ಮಸ್ ಬೆಳಿಗ್ಗೆ ಸಭೆಯವರಲ್ಲಿ ಒಬ್ಬರು ಎದ್ದು, ಈ ಹುಟ್ಟು ತನಗೇನು ಎಂದು ಎರಡು ಮಾತು ಹೇಳುವುದು ಆ ಚರ್ಚಿನ ರೂಢಿ. ಅದಕ್ಕೆ ಸಾಕ್ಷಿ ಎನ್ನುತ್ತಿದ್ದರು. “ಈ ಸಲ ಸಾಕ್ಷಿ ನಿಮ್ಮದು ಮೇಸ್ತ್ರಿಗಳೇ,” ಎಂದರು ಪಾದ್ರಿ.

“ಅಯ್ಯನೋರೇ, ನನಗೆ ಮಾತಾಡೋಕೆ ಬರಲ್ಲ.”

“ಮೊನ್ನೆ ಮೀಟಿಂಗಲ್ಲಿ ಮೈಕು ಕಿತ್ಕೊಂಡು ಬೆಂಚಿನ ಕಾಲಿನ ಬಗ್ಗೆ ಮಾತಾಡಿದ್ರಲ್ಲ? ಎಲ್ಲರೂ ಗಡಿಯಾರ ನೋಡೋಕೆ ಶುರು ಮಾಡಿದ್ರು.”

“ಅದು ಬೆಂಚು ಅಯ್ಯನೋರೇ. ಇದು ದೇವರು.”

ಪಾದ್ರಿ ನಕ್ಕರು. ಇಂಚಪ್ಪ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಅದರ ಮೊನೆ ನೋಡುತ್ತ, ಯಾರ ಹತ್ತಿರವೂ ಆಡದಿದ್ದ ಮಾತನ್ನು ಆಡಿದ. “ನಿಜ ಹೇಳ್ಲಾ? ನನಗೆ ಒಳಗೆ ಏನೂ ಆಗಲ್ಲ. ಎಲ್ಲರೂ ಹಾಡ್ತಾರೆ, ನಾನೂ ಹಾಡ್ತೀನಿ. ಕಣ್ಣು ಮಾತ್ರ ಕಿಟಕಿ ಚೌಕಟ್ಟು ಸೊಟ್ಟಗಿದ್ಯಾ ಅಂತ ನೋಡ್ತಿರುತ್ತೆ. ದೇವರು ಮನುಷ್ಯ ಆಗಿ ಹುಟ್ಟಿದ ಅಂತೀರಿ, ಹೌದು ಅಂತೀನಿ. ನಾಳೆ ಬಸ್ಸು ತಡವಾಗುತ್ತೆ ಅಂದ್ರೂ ಹೌದು ಅಂತೀನಿ. ಇಂಥವನು ಅಲ್ಲಿ ನಿಂತು ಏನು ಹೇಳ್ಬೇಕು?”

ಪಾದ್ರಿ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಸುಳ್ಳು ಮಾತ್ರ ಹೇಳ್ಬೇಡಿ. ಇನ್ನೂ ದಿನ ಇದೆ. ಆವತ್ತಿಗೂ ಏನೂ ಇಲ್ಲದಿದ್ರೆ, ಇಲ್ಲ ಅಂತಲೇ ಹೇಳಿ,” ಎಂದರು. ಇದು ಇಂಚಪ್ಪನಿಗೆ ಬೈದಿದ್ದಕ್ಕಿಂತ ಹೆಚ್ಚಾಗಿ ನಾಟಿತು. ತುಂಬಿದ ಸಭೆಯಲ್ಲಿ, ಹೆಂಡತಿ ಮಗಳ ಎದುರು, ನನಗೆ ಏನೂ ಅನ್ನಿಸುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಇಲ್ಲವೇ ದೇವರ ಮನೆಯಲ್ಲಿ ನಿಂತು ಬೊಗಳೆ ಬಿಡಬೇಕು.

ಅವನಿಗೆ ದುಃಖವಿದ್ದದ್ದು ಇಷ್ಟಕ್ಕೇ ಅಲ್ಲ. ಒಂದು ಕಾಲದಲ್ಲಿ ಅವನಿಗೆ ಎಲ್ಲವೂ ಅನ್ನಿಸುತ್ತಿತ್ತು. ಚಿಕ್ಕವನಿದ್ದಾಗ ಕ್ರಿಸ್ಮಸ್ ಕಥೆ ಕೇಳಿ, ಬಾಯಿ ಬಿಟ್ಟುಕೊಂಡು ಕೂತು, ಕೊನೆಗೆ ಅಮ್ಮನನ್ನು ಕೇಳಿದ್ದ. “ಅಮ್ಮಾ, ದೇವರಿಗೆ ಹಾಲುಹಲ್ಲು ಬಂದಿತ್ತಾ?” ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಉತ್ತರ ಮಾತ್ರ ಕೊಡಲಿಲ್ಲ. ಆ ಪ್ರಶ್ನೆ ಕೇಳಿದ ಹುಡುಗ ಎಲ್ಲಿ ಕಳೆದುಹೋದ ಎಂದು ಇಂಚಪ್ಪ ಈಗ ಹಲಗೆಗೆ ಗೆರೆ ಹಾಕುತ್ತ ಯೋಚಿಸಿದ. ಎಲ್ಲಿ ಹುಡುಕುವುದು ಎಂದು ಅವನಿಗೆ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಪಾದ್ರಿಯ ಫೋನು ಬಂತು. ಶೆಡ್ಡಿನಲ್ಲಿ ಗರಗಸದ ಯಂತ್ರ ಕಿರುಚುತ್ತಿತ್ತು. ಅದನ್ನು ನಿಲ್ಲಿಸಿ ಫೋನು ಎತ್ತುವ ಅಭ್ಯಾಸ ಇಂಚಪ್ಪನಿಗೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ಕಡೆಯಿಂದ ಪಾದ್ರಿ ಹೇಳಿದ್ದು ಇಷ್ಟು: “ಗೋದಲಿಯ ಹಳೇ ತೊಟ್ಟಿ ಲೂಸಾಗಿದೆ, ಹೊಸದು ಬೇಕು.” ಈ ಕಡೆ ಇಂಚಪ್ಪನ ಕಿವಿಗೆ ಬಿದ್ದದ್ದು: “ಗೋದಲಿಯ ಹಳೇ ತೊಟ್ಟಿಲು... ಹೊಸದು ಬೇಕು.” ಪಾದ್ರಿಯ ‘ಲೂ’ ಹಿಂದಿನ ಮಾತಿನ ಬಾಲಕ್ಕೆ ಅಂಟಿಕೊಂಡಿತು, ‘ಸಾಗಿದೆ’ಯನ್ನು ಗರಗಸ ನುಂಗಿತು.

ತೊಟ್ಟಿಲು! ಇಂಚಪ್ಪನ ಕಣ್ಣು ಅರಳಿತು. ವರ್ಷವಿಡೀ ಪ್ಲೈವುಡ್ ಕಪಾಟು ಹೊಡೆದೂ ಹೊಡೆದೂ ಕೈ ಜಡ್ಡುಗಟ್ಟಿತ್ತು. ಮಾತು ಬಾರದಿದ್ದರೇನಂತೆ, ಕೈಯಾದರೂ ಸಾಕ್ಷಿ ಹೇಳಲಿ ಎಂದುಕೊಂಡು ಮೂಲೆಯಲ್ಲಿ ಜೋಪಾನವಾಗಿಟ್ಟಿದ್ದ ತೇಗದ ಹಲಗೆಯನ್ನು ಹೊರಗೆಳೆದ. ಕಡೆದ ಕಂಬಿಗಳು, ತಲೆಯ ಕಡೆ ನಕ್ಷತ್ರದ ಕೆತ್ತನೆ, ಬೆರಳು ತಾಗಿದರೆ ಸದ್ದಿಲ್ಲದೆ ತೂಗುವ ಹದ. ಪಾಲಿಶು ಎಳೆದು ಮುಗಿಸಿದಾಗ ಅದರಲ್ಲಿ ಅವನ ಮುಖವೇ ಕಾಣುತ್ತಿತ್ತು.

ಮಗಳು ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಪ್ಪಾ! ನನಗಾ?”

“ಅಲ್ಲಮ್ಮಾ. ಬಾಲಯೇಸುವಿಗೆ.”

“ಓಹೋ. ಗೊಂಬೆಗೆ ತೇಗ, ನಿನ್ನ ಮೊಮ್ಮಗುಗೆ ಚಾಪೆ,” ಎಂದು ಮೂಗು ಮುರಿದು ಮೆಟ್ಟಿಲು ಹತ್ತಿದಳು. ಆ ಸಂಜೆ ಅಪ್ಪನ ಜೊತೆ ಮಾತು ಬಿಟ್ಟಳು.

ತೊಟ್ಟಿಲನ್ನು ಚರ್ಚಿಗೆ ಹೊತ್ತು ತಂದಾಗ ಸುತ್ತ ಜನ ನೆರೆದು ಹೊಗಳಿದ್ದೇ ಹೊಗಳಿದ್ದು. ಪಾದ್ರಿ ಮಾತ್ರ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. “ತುಂಬಾ ಚೆನ್ನಾಗಿದೆ ಮೇಸ್ತ್ರಿಗಳೇ. ಆದ್ರೆ ನಾನು ಕೇಳಿದ್ದು ತೊಟ್ಟಿ.”

“ಇದು ತೊಟ್ಟಿಲೇ ಅಲ್ವಾ ಅಯ್ಯನೋರೇ?”

“ತೊಟ್ಟಿಲು ಅಲ್ಲ. ತೊಟ್ಟಿ. ತೊಟ್ಟಿ ಲೂಸಾಗಿದೆ ಅಂದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗುವಿಗೆ ಅಡ್ಡಿಯೇ ಇರಲಿಲ್ಲ. ಇಂಚಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಚರ್ಚಿನ ಕಾರ್ಯದರ್ಶಿ ಅವನ ಪರ ವಹಿಸಿ, “ಇರಲಿ ಬಿಡಿ ಅಯ್ಯನೋರೇ, ದೇವರಿಗೆ ಒಳ್ಳೇದೇ ಇರಲಿ,” ಎಂದರು.

“ಅಲ್ರೀ, ಗೋದಲಿ ಅಂದ್ರೆ ಏನು ಅಂದ್ಕೊಂಡಿದ್ದೀರಿ ಎಲ್ಲರೂ?” ಎಂದು ಪಾದ್ರಿ ಕೇಳಿದರು.

“ಅದೇ, ಬಣ್ಣದ ಬಲ್ಬು ಹಾಕ್ತೀವಲ್ಲ, ಅದು,” ಎಂದ ಇಂಚಪ್ಪ. ಯಾರೂ ಅವನನ್ನು ತಿದ್ದಲಿಲ್ಲ. ಅವರಿಗೂ ಅದೇ ಗೊತ್ತಿದ್ದದ್ದು.

“ದನ ಮೇವು ತಿನ್ನೋ ತೊಟ್ಟಿ ಅದು. ಕೂಸು ಗೋದಲಿಯಲ್ಲಿ ಮಲಗಿರುತ್ತೆ, ಅದೇ ಗುರುತು ಅಂತ ದೂತ ಕುರುಬರಿಗೆ ಹೇಳಿದ್ದು. ತೊಟ್ಟಿಲಲ್ಲಿ ಅಂದಿದ್ರೆ ಪಾಪ, ಅವರು ಊರಲ್ಲಿ ಎಷ್ಟು ಮನೆ ಬಾಗಿಲು ತಟ್ಟಬೇಕಿತ್ತು? ಕೂಸಿರೋ ಮನೇಲೆಲ್ಲ ತೊಟ್ಟಿಲಿರುತ್ತೆ. ತೊಟ್ಟೀಲಿ ಯಾರು ಮಲಗಿಸ್ತಾರೆ?”

ಆ ಪ್ರಶ್ನೆ ಇಂಚಪ್ಪನಿಗೆ ತಟ್ಟಲಿಲ್ಲ. ಆಗ ಅವನ ತಲೆ ತುಂಬ ಅವಮಾನ. ತೊಟ್ಟಿಲನ್ನು ಹೊತ್ತುಕೊಂಡು ವಾಪಸು ಬಂದ. ಅದನ್ನು ಕಂಡದ್ದೇ ಮಗಳಿಗೆ ಮಾತು ಬಂತು. “ದೇವರು ದೊಡ್ಡವನಪ್ಪಾ!” ಎಂದು ಅದರೊಳಗೆ ಆಗಲೇ ಒಂದು ದುಪ್ಪಟಿ ಹಾಸಿಬಿಟ್ಟಳು.

ಇನ್ನು ತೊಟ್ಟಿ ಮಾಡಬೇಕು. ಅಳತೆ ಇಲ್ಲದೆ ಇಂಚಪ್ಪ ಒಂದು ಮೊಳೆಯನ್ನೂ ಹೊಡೆಯುವವನಲ್ಲ. ಬಸ್ ಡಿಪೋದ ಆಚೆ ಹಾಲಿನಮ್ಮನ ಕೊಟ್ಟಿಗೆ ಇತ್ತು. ಅವನ ಮನೆಗೂ ಅವಳದೇ ಹಾಲು. ಬೆಳಿಗ್ಗೆಯ ಹಾಲು ಕರೆಯುವ ಕೆಲಸ ಮುಗಿಸಿ ಕ್ಯಾನು ತೊಳೆಯುತ್ತಿದ್ದ ಅವಳು ಅಳತೆಪಟ್ಟಿ ಹಿಡಿದು ಬಂದವನನ್ನು ಕಂಡು, “ಏನಣ್ಣಾ, ಹಸುಗೆ ಕಪಾಟು ಮಾಡ್ತೀಯ?” ಎಂದು ನಕ್ಕಳು.

ಮೂಲೆಯಲ್ಲಿ ಒಂದು ಹಳೆಯ ಮರದ ತೊಟ್ಟಿ ಇತ್ತು. ಇಂಚಪ್ಪ ಬಗ್ಗಿ ಅಳೆಯತೊಡಗಿದ. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಮೊಳೆ ತಲೆ ಎತ್ತಿತ್ತು. ತಳದಲ್ಲಿ ನೆನೆದ ಹೊಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು. ಅಂಚು ಮಾತ್ರ ವರ್ಷಗಟ್ಟಲೆ ಹಸುವಿನ ನಾಲಿಗೆ ತಾಗಿ ತಾಗಿ, ಯಾವ ಉಪ್ಪುಕಾಗದಕ್ಕೂ ಬಾರದ ನುಣುಪಾಗಿತ್ತು. ಅವನು ಕೈಯಾಡಿಸುತ್ತಿದ್ದಂತೆ ಪಕ್ಕದ ಹಸು ಅವನ ಕುತ್ತಿಗೆಯ ಮೇಲೆ ಬಿಸಿಯಾಗಿ ಉಸಿರು ಬಿಟ್ಟು, ಅಂಗಿಯ ಕಾಲರನ್ನು ಬಾಯಿಗೆ ಹಾಕಿಕೊಂಡಿತು.

“ಬಿಡೇ!” ಎಂದು ಹಾಲಿನಮ್ಮ ಹಸುವಿನ ಮೂತಿಗೆ ತಟ್ಟಿದಳು. “ಅದು ಬಟ್ಟೆ ಕಂಡ್ರೆ ಬಿಡಲ್ಲ ಅಣ್ಣಾ, ತಿಂದೇಬಿಡುತ್ತೆ. ಅಲ್ಲ, ಈ ತೊಟ್ಟಿ ಅಳತೆ ನಿನಗ್ಯಾಕೆ?”

“ಚರ್ಚಿಗಮ್ಮಾ. ಮಗು ಮಲಗಿಸೋಕೆ.”

ಹಾಲಿನಮ್ಮನ ಕೈಯಿಂದ ಕ್ಯಾನಿನ ಮುಚ್ಚಳ ಜಾರಿತು. “ಮಗೂನಾ? ಇದ್ರಲ್ಲಾ? ಯಾವ ತಾಯಿ ಅವಳು?”

ಅವಳಿಗೆ ಕಥೆ ಗೊತ್ತಿರಲಿಲ್ಲ. ಕ್ರಿಸ್ಮಸ್ ಎಂದರೆ ಅವಳಿಗೆ ಗೊತ್ತಿದ್ದದ್ದು ನಕ್ಷತ್ರದ ದೀಪ ಮತ್ತು ಕೇಕು. ಆ ವಾರ ಹಾಲು ಹೆಚ್ಚು ಹೋಗುತ್ತದೆ ಎಂಬುದೂ ಗೊತ್ತಿತ್ತು. ಬೇರೆ ದಾರಿಯಿಲ್ಲದೆ ಇಂಚಪ್ಪ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ. ತುಂಬಿದ ಬಸುರಿ, ದೂರದ ದಾರಿ, ಊರಿಗೆ ಬಂದರೆ ಯಾರ ಮನೆಯಲ್ಲೂ ಜಾಗವಿಲ್ಲ, ಕೊನೆಗೆ ಕೊಟ್ಟಿಗೆ. ಸಾವಿರ ಸಲ ಕೇಳಿದ್ದ ಕಥೆ. ಆದರೆ ಅದನ್ನು ಮೊದಲ ಸಲ ಕೇಳುವವರಿಗೆ ಹೇಳಿದ್ದು ಅವನ ಬಾಳಿನಲ್ಲಿ ಇದೇ ಮೊದಲು.

“ಹೆರಿಗೆಗೆ ಯಾರೂ ಇರ್ಲಿಲ್ವಾ ಜೊತೇಲಿ?” ಎಂದಳು ಹಾಲಿನಮ್ಮ.

“ಗಂಡ ಇದ್ದ.”

“ಗಂಡಸು ಏನು ಮಾಡ್ತಾನೆ, ಬಿಡು. ಬಿಸಿನೀರು?”

“ಗೊತ್ತಿಲ್ಲಮ್ಮಾ.”

“ಹುಲ್ಲು ಎಂಥದ್ದು ಹಾಸಿದ್ರು? ಎಳೇ ಚರ್ಮಕ್ಕೆ ಚುಚ್ಚುತ್ತೆ. ಹಸು ಬಟ್ಟೆ ಎಳೆಯುತ್ತೆ. ಚಳಿ ಬೇರೆ.” ಅವಳು ತೊಟ್ಟಿಯನ್ನು ನೋಡುತ್ತ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದಳು. “ಅಣ್ಣಾ, ಆ ಮಗು ಉಳೀತಾ?”

ಇಂಚಪ್ಪ ತೊಟ್ಟಿಯ ತಳ ನೋಡಿದ. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿದ್ದವನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಅವನಿಗೆ ಗೊತ್ತಿದ್ದ ಮಗು ಗಾಜಿನ ಪೆಟ್ಟಿಗೆಯಲ್ಲಿ ವರ್ಷವಿಡೀ ಇದ್ದು ಡಿಸೆಂಬರಿನಲ್ಲಿ ಹೊರಬರುವ ಗೊಂಬೆ. ಅದಕ್ಕೆ ಚಳಿಯಾಗುವುದಿಲ್ಲ, ಅದು ಸಾಯುವುದೂ ಇಲ್ಲ.

“ಯಾರ ಮಗು ಅಂದೆ ಅದು?” ಅವಳು ಮತ್ತೆ ಕೇಳಿದಳು.

“ಅದು... ದೇವರು ಕಣಮ್ಮಾ. ದೇವರೇ ಮಗುವಾಗಿ ಬಂದದ್ದು.”

“ಲೋಕ ಮಾಡಿದ ದೇವರಾ?”

“ಹೂಂ.”

“ಇದ್ರಲ್ಲಿ?”

ಅವಳು ತೊಟ್ಟಿಯನ್ನೂ ಅವನನ್ನೂ ಮತ್ತೆ ಮತ್ತೆ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೇಳಿದಳು. “ನಿನ್ನ ಮಗಳಿಗೂ ಇಷ್ಟರಲ್ಲೇ ಆಗ್ಬೇಕಲ್ಲ. ಆ ಕೂಸನ್ನ ಇದ್ರಲ್ಲಿ ಮಲಗಿಸ್ತೀಯಾ?”

“ಛೇ! ಎಲ್ಲಾದ್ರೂ ಉಂಟಾ!” ಇಂಚಪ್ಪ ಎದ್ದೇ ನಿಂತ. ಆ ‘ಛೇ’ ಬಾಯಿಂದ ಹೊರಬಿದ್ದ ಮೇಲೆ ಅದು ಅವನಿಗೇ ಕೇಳಿಸಿತು. ಅಳತೆ ಬರೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದ.

ಮಧ್ಯಾಹ್ನ ಹಳೇ ಪ್ಯಾಕಿಂಗ್ ಹಲಗೆ ತೆಗೆದು ಕೆಲಸಕ್ಕೆ ಕೂತ. ಅಳತೆ ಕಣ್ಣಲ್ಲೇ ಇತ್ತು. ಕೆತ್ತನೆಯಿಲ್ಲ, ಪಾಲಿಶಿಲ್ಲ, ನಾಲ್ಕು ಹಲಗೆ, ಎರಡು ಅಡ್ಡಕಾಲು. ಮೊಳೆ ಹೊಡೆಯುತ್ತ ತಲೆ ಎತ್ತಿದರೆ ಎದುರಿಗೆ ತೇಗದ ತೊಟ್ಟಿಲು. ಮಗಳು ಹಾಸಿದ ದುಪ್ಪಟಿಯ ಸಮೇತ ಮಗುವಿಗಾಗಿ ಕಾಯುತ್ತಿತ್ತು. ಸುತ್ತಿಗೆ ಹಿಡಿದ ಕೈ ಅಲ್ಲೇ ನಿಂತಿತು.

ಯೋಸೇಫನೂ ನಿಮ್ಮ ಕಸುಬಿನವನೇ. ಜನ ಹೇಳಿ ಹೇಳಿ ಸವೆದುಹೋಗಿದ್ದ ಆ ಮಾತು ಈಗ ಬಂದು ಅವನ ಎದೆಗೆ ಗುದ್ದಿತು. ಹೆಂಡತಿ ಬಸುರಿಯಾಗಿರುವಾಗ ಬಡಗಿಯಾದವನು ಕೈಕಟ್ಟಿ ಕೂರುತ್ತಾನೆಯೇ? ಮಾಡಿರುತ್ತಾನೆ. ಮನೆಯಲ್ಲಿದ್ದ ಒಳ್ಳೆಯ ಮರವನ್ನೆಲ್ಲ ಹೊರಗೆಳೆದು ಒಂದು ತೊಟ್ಟಿಲು ಮಾಡಿಯೇ ಇರುತ್ತಾನೆ. ಆಮೇಲೆ ಜನಗಣತಿಗೆಂದು ಊರು ಬಿಟ್ಟು ಹೊರಡು ಎಂಬ ಚಕ್ರವರ್ತಿಯ ಅಪ್ಪಣೆ. ತೊಟ್ಟಿಲು ಮನೆಯಲ್ಲೇ ಉಳಿಯಿತು. ಅಷ್ಟು ದೂರ ಬಂದು, ಯಾರದೋ ಕೊಟ್ಟಿಗೆಯಲ್ಲಿ, ಯಾರೋ ಮಾಡಿದ ಒರಟು ತೊಟ್ಟಿಯೊಳಗೆ ಕೈಯಾಡಿಸಿ ಮೊಳೆ ಎಲ್ಲಿದೆ, ಸಿಬಿರು ಎಲ್ಲಿದೆ ಎಂದು ಹುಡುಕಿರುತ್ತಾನೆ ಆ ಮನುಷ್ಯ. ದೇವರನ್ನು ಮಲಗಿಸುವುದಕ್ಕೆ. ದೇವರು ಬಡಗಿಯ ಮನೆಗೇ ಬಂದ, ಬಡಗಿ ಮಾಡಿದ ತೊಟ್ಟಿಲಿಗೆ ಬರಲಿಲ್ಲ. ಯಾವ ಮನೆಯಲ್ಲೂ ಮಗುವನ್ನು ಮಲಗಿಸದ ಜಾಗಕ್ಕೆ ಬಂದ.

ಇಂಚಪ್ಪನಿಗೆ ಅಳು ಬಂತು. ಏನೂ ಆಗುವುದಿಲ್ಲ ಎಂದು ದೂರು ಹೇಳಿದ್ದ ಎದೆಯೊಳಗೆ ಈಗ ಎಲ್ಲವೂ ಆಗುತ್ತಿತ್ತು. ಟೀ ತಂದ ಹೆಂಡತಿ, “ರೀ, ಬೆರಳಿಗೆ ಹೊಡ್ಕೊಂಡ್ರಾ?” ಎಂದು ಓಡಿ ಬಂದಳು.

“ಇಲ್ವೇ,” ಎಂದು ಮೂಗು ಒರೆಸಿಕೊಂಡು, ಉಪ್ಪುಕಾಗದ ಎತ್ತಿಕೊಂಡು ತೊಟ್ಟಿಯ ಒಳಭಾಗವನ್ನು ಉಜ್ಜತೊಡಗಿದ. ಹೊರಗೆ ಒರಟಾಗಿಯೇ ಬಿಟ್ಟ. ಒಳಗೆ ಮಾತ್ರ ಕೆನ್ನೆ ತಾಗಿಸಿ ನೋಡಿದ, ಮತ್ತೆ ಉಜ್ಜಿದ. ಟೀ ಆರಿಹೋಯಿತು. ಸಕ್ಕರೆ ಎಷ್ಟಿತ್ತೆಂದು ಅವನು ಹೇಳಲೂ ಇಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಚರ್ಚು ತುಂಬಿತ್ತು. ಪರದೆಯ ಮುಂದೆ ತೊಟ್ಟಿ. ಹಾಡು ಶುರುವಾಗುವ ಮೊದಲೇ ಬಾಗಿಲಲ್ಲಿ ಹಾಲಿನಮ್ಮ ಕಾಣಿಸಿಕೊಂಡಳು. ಕಂಕುಳಲ್ಲಿ ಹುಲ್ಲಿನ ಕಂತೆ. ಯಾರನ್ನೂ ಕೇಳದೆ ನೇರ ಮುಂದೆ ಬಂದು, ಅಲಂಕಾರಕ್ಕೆಂದು ಹಾಕಿದ್ದ ಒರಟು ಹುಲ್ಲನ್ನು ಪಕ್ಕಕ್ಕೆ ತೆಗೆದು, ತಾನು ತಂದ ಎಳೇ ಹುಲ್ಲನ್ನು ಹಾಸಿದಳು. “ಅದು ಚುಚ್ಚುತ್ತೆ,” ಎಂದು ಯಾರಿಗೋ ಹೇಳಿ, ಹಿಂದಿನ ಬೆಂಚಿಗೆ ಹೋಗಿ ಕೂತಳು. ಪಾದ್ರಿ ಎದ್ದು ನಿಂತು ಅವಳಿಗೆ ಕೈಮುಗಿದರು.

ಇಂಚಪ್ಪನ ಸರದಿ ಬಂತು. ಬೆಂಚಿನ ಕಾಲಿನ ಭಾಷಣ ನೆನೆದು ಎಲ್ಲರೂ ಗಡಿಯಾರದ ಕಡೆ ಒಮ್ಮೆ ನೋಡಿದರು.

“ನಾನು ಒಂದು ‘ಲು’ ಜಾಸ್ತಿ ಕೇಳಿಸ್ಕೊಂಡೆ,” ಎಂದು ಶುರು ಮಾಡಿದ. ಸಭೆ ಗೊಳ್ಳೆಂದು ನಕ್ಕಿತು. “ನಗಿ, ನಗಿ. ನೀವೂ ಕೇಳಿಸ್ಕೊಂಡಿದ್ದೀರಿ. ದೇವರು ಒಳ್ಳೆ ತೊಟ್ಟಿಲಲ್ಲಿ, ಬಲ್ಬಿನ ಕೆಳಗೆ, ಬೆಚ್ಚಗೆ ಹುಟ್ಟಿದ ಅಂತಲೇ ನಾನು ಇಷ್ಟು ವರ್ಷ ನಂಬಿದ್ದೆ. ಹಾಗಾಗಿ ನನಗೆ ಆಶ್ಚರ್ಯ ಆಗ್ತಿರ್ಲಿಲ್ಲ. ತೊಟ್ಟಿಲಲ್ಲಿ ಮಗು ಇದ್ರೆ ಯಾರಿಗೆ ಆಶ್ಚರ್ಯ?”

ಆಮೇಲೆ ಮನೆಯಲ್ಲಿ ಉಳಿದುಹೋದ ತೊಟ್ಟಿಲಿನ ಮಾತು ಹೇಳಿದ. “ಇದು ಬೈಬಲಲ್ಲಿ ಬರೆದಿಲ್ಲ. ಆದ್ರೆ ಬಡಗಿಗೆ ಬಡಗಿಯ ಕಷ್ಟ ಗೊತ್ತಾಗುತ್ತೆ.” ಈಗ ಯಾರೂ ನಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

“ಒಬ್ಬ ತಾಯಿ ನನ್ನ ಕೇಳಿದ್ರು, ಆ ಮಗು ಉಳೀತಾ ಅಂತ. ಆವತ್ತು ನಾನು ಬೆಪ್ಪನ ಹಾಗೆ ಕೂತಿದ್ದೆ.” ಇಂಚಪ್ಪ ಹಿಂದಿನ ಬೆಂಚಿನತ್ತ ನೋಡಿದ. “ಉಳೀತಮ್ಮಾ. ಚಳಿ ತಡ್ಕೊಂಡು ಉಳೀತು. ಬಡಗಿಯ ಶೆಡ್ಡಲ್ಲಿ ಬೆಳೀತು. ದೊಡ್ಡವನಾದ ಮೇಲೆ ನಮ್ಮಂಥೋರೇ ಸೇರಿ ಅವನನ್ನ ಮರಕ್ಕೆ ಮೊಳೆ ಹೊಡೆದು ಕೊಂದ್ರು. ಆದ್ರೂ ಅಲ್ಲಿಗೆ ಮುಗೀಲಿಲ್ಲ. ಮೂರನೇ ದಿನ ಎದ್ದ. ಇವತ್ತಿಗೂ ಇದ್ದಾನೆ. ಇಷ್ಟೇ ನನ್ನ ಸಾಕ್ಷಿ.”

ಅವನು ಬಂದು ಹೆಂಡತಿಯ ಪಕ್ಕ ಕೂತ. ನಾಟಕ ಶುರುವಾಯಿತು. ಆ ದಿನ ಪರದೆಯನ್ನು ಅಳಿಯ ಎಳೆದ. ಮರಿಯಳ ವೇಷದ ಹುಡುಗಿ ಗೊಂಬೆಯನ್ನು ತೊಟ್ಟಿಯೊಳಗೆ ಮಲಗಿಸಿದಳು. ಇಂಚಪ್ಪನಿಗೆ ಆಕಳಿಕೆ ಬರಲಿಲ್ಲ. ಮುಂದಕ್ಕೆ ಬಾಗಿ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಗೊಂಬೆಯ ಕಾಲು ಬಟ್ಟೆಯಿಂದ ಹೊರಗಿರುವುದು ಕಂಡು ಅವನಿಗೆ ತಳಮಳವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಕೇಳಿದ. “ಏನೇ, ದೇವರಿಗೆ ಹಾಲುಹಲ್ಲು ಬಂದಿರುತ್ತಾ?”

ಅವಳು ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ಬಂದೇ ಇರುತ್ತೆ ಕಣ್ರೀ,” ಎಂದಳು. “ಆ ತಾಯಿನ ಕಚ್ಚೂ ಇರುತ್ತೆ.”